ಮನೆಯೊಳಗಿನ ಮಾತು

ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ – ಇದು ನಮ್ಮ ನಿತ್ಯದ ಬದುಕು. ಇಷ್ಟು ನುಡಿಗಳ ನಡುವೆ ನಮ್ಮ ಮಕ್ಕಳ ಕನ್ನಡ ಉಳಿದೀತೇ ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಅಂಥವರು ಕುಪ್ವಾಡದ ಸಂಗತಿಯನ್ನು ತಿಳಿಯಬೇಕು.

ಕುಪ್ವಾಡವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಊರು. ಅಲ್ಲಿನ ಆಡುಮಾತನ್ನು ಅಭ್ಯಸಿಸಿದ ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಹಾಗೂ ರಾಬರ್ಟ್ ವಿಲ್ಸನ್ 1971ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಆಗ ಅಲ್ಲಿನ ಜೈನರು, ಲಿಂಗಾಯತರು ಕನ್ನಡವನ್ನೂ, ಮುಸಲ್ಮಾನರು ಉರ್ದುವನ್ನೂ, ಇತರರು ಮರಾಠಿ, ತೆಲುಗುಗಳನ್ನೂ ಆಡುತ್ತಿದ್ದರು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿತ್ತು. ‘ಇದು ನಿಮ್ಮ ಮನೆ’ ಎಂದರೆ ನಮಗೆ ಸಾಕು; ಅಲ್ಲಿಯವರು ಮರಾಠಿಯ ರೀತಿಯಲ್ಲಿ ಕೊನೆಗೆ ‘ಐತಿ’ ಎಂದೂ ಸೇರಿಸುತ್ತಿದ್ದರು. ಆದರೂ ಕನ್ನಡದ ಪದಗಳು ಕನ್ನಡವಾಗಿಯೇ ಉಳಿದಿದ್ದವು. ಕಾರಣವಿಷ್ಟೇ: ಬೀದಿಯಲ್ಲಿ ಪರಸ್ಪರ ಮರಾಠಿ ಆಡಿದರೂ ಮನೆಯೊಳಗೆ ಅವರು ತಂತಮ್ಮ ನುಡಿಯನ್ನು ಬಿಟ್ಟಿರಲಿಲ್ಲ.

ನಮ್ಮ ಮಕ್ಕಳು ಮಲಯಾಳ ಕಲಿಯಲಿ, ಅದು ಒಳ್ಳೆಯದೇ. ಅವರ ಕನ್ನಡಕ್ಕೆ ಅದರ ಛಾಯೆ ಬಿದ್ದರೂ ನಾವು ನಾಚಬೇಕಿಲ್ಲ. ಕನ್ನಡ ಶಾಲೆಗಳಿಗಾಗಿ ಸರಕಾರವನ್ನು ಕೇಳುತ್ತಲೇ ಇರೋಣ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೊಡನೆ ಯಾವ ಮಾತಾಡಬೇಕೆಂಬುದನ್ನು ಯಾವ ಸರಕಾರವೂ ತೀರ್ಮಾನಿಸುವುದಿಲ್ಲ. ಅದು ನಮ್ಮ ಕೈಯಲ್ಲೇ ಇದೆ.