ಪ್ಲಾಸ್ಮಾ ಕಟ್ ಕೆಟ್ಟಾಗ ಮೊದಲು ಪ್ಲೇಟನ್ನ ನೋಡಿ

ಕಳೆದ ಆಗಸ್ಟ್‌ನಲ್ಲಿ ನಮ್ಮ ಬಾಹಾ ಗಾಡಿಗೆ ಸಸ್ಪೆನ್ಷನ್ ಟ್ಯಾಬ್‌ಗಳು ಬೇಕಿತ್ತು. 6 ಎಂಎಂ ಎಂಎಸ್ ಪ್ಲೇಟು, ಒಟ್ಟು 32 ಪೀಸು. ಲೇಸರ್ ಕಟಿಂಗ್‌ಗೆ ಕೊಡೋಕೆ ದುಡ್ಡಿರಲಿಲ್ಲ. ವರ್ಕ್‌ಶಾಪಲ್ಲಿ ಏರ್ ಪ್ಲಾಸ್ಮಾ ಕೂರಿಸಿದ ಸಿಎನ್‌ಸಿ ಟೇಬಲ್ ಇದೆಯಲ್ಲ, ಅದರಲ್ಲೇ ಮುಗಿಸೋಣ ಅಂದುಕೊಂಡ್ವಿ. ಮೊದಲ ಎಂಟು ಪೀಸು ಪರವಾಗಿಲ್ಲ ಅನ್ನೋ ಹಾಗೆ ಬಂದವು. ಆಮೇಲೆ ಅಂಚು ಓರೆ, ಕೆಳಗಡೆ ಕಿಟ್ಟ, ಆರ್ಕ್ ತೊದಲೋಕೆ ಶುರು. ಆಗ ನಾವು ಮಾಡಿದ್ದು ಎಲ್ಲರೂ ಮಾಡೋದೇ: 45 ಆಂಪಿಯರ್ ಇದ್ದದ್ದನ್ನ 60 ಮಾಡಿದ್ವಿ. ಒಂದೇ ಸಂಜೆಗೆ ಮೂರು ನಾಜಲ್, ಎರಡು ಎಲೆಕ್ಟ್ರೋಡ್ ಹೋದವು, ಲೇಸರ್‌ಗೆ ಕೊಟ್ಟಿದ್ರೆ ಇಷ್ಟೇ ಆಗ್ತಿತ್ತು ಅಂತ ಟ್ರೆಷರರ್ ಕೈಲಿ ಬೈಸಿಕೊಂಡದ್ದೂ ಆಯ್ತು.

ಕರೆಂಟ್ ಏರಿಸಿದ್ದು ಯಾಕೆ ತಪ್ಪು? ಟಾರ್ಚ್ ಒಳಗೆ ಏನಾಗುತ್ತೆ ಅಂತ ನೋಡಿದರೆ ಗೊತ್ತಾಗುತ್ತೆ. ಮಧ್ಯದಲ್ಲಿ ತಾಮ್ರದ ಎಲೆಕ್ಟ್ರೋಡ್, ಅದರ ತುದಿಯಲ್ಲಿ ಕಡಲೆಕಾಳಿಗಿಂತ ಚಿಕ್ಕ ಹಾಫ್ನಿಯಂ ಗುಂಡಿ. ಸುತ್ತ ಸ್ವರ್ಲ್ ರಿಂಗ್, ಅದು ಗಾಳಿಯನ್ನ ಸುಳಿಯ ಹಾಗೆ ತಿರುಗಿಸಿ ಕಳಿಸುತ್ತೆ. ಮುಂದೆ ನಾಜಲ್, ಅದರ ಸಣ್ಣ ತೂತಿನಲ್ಲಿ ಆರ್ಕ್ ಹಿಂಡಿಕೊಂಡು ಹೊರಗೆ ಬರಬೇಕು. ತಾಮ್ರದ ನಾಜಲ್ ಕರಗದೆ ಉಳಿಯೋದು ಆರ್ಕಿಗೂ ತೂತಿನ ಗೋಡೆಗೂ ನಡುವೆ ತಣ್ಣನೆ ಗಾಳಿಯ ಒಂದು ಪದರ ಇರೋದರಿಂದ. 45 ಆಂಪಿಯರಿನ ನಾಜಲ್‌ನಲ್ಲಿ 60 ಹರಿಸಿದರೆ ಆ ಪದರ ಸಾಲಲ್ಲ. ಆರ್ಕ್ ಮೊದಲು ನಾಜಲ್‌ಗೆ, ಅಲ್ಲಿಂದ ಪ್ಲೇಟಿಗೆ ಹಾರುತ್ತೆ. ಇದಕ್ಕೆ ಡಬಲ್ ಆರ್ಕಿಂಗ್ ಅಂತಾರೆ. ತೂತು ಅಂಡಾಕಾರ ಆಗುತ್ತೆ, ಆಮೇಲೆ ಯಾವ ಸೆಟ್ಟಿಂಗ್ ಬದಲಿಸಿದರೂ ಕಟ್ ನೆಟ್ಟಗಾಗಲ್ಲ.

ಮೆಷಿನ್ ಮುಟ್ಟೋ ಮೊದಲು ಕೆಟ್ಟ ಪೀಸನ್ನ ಕೈಗೆ ತಗೊಳ್ಳಿ. ಕೆಳಗಡೆ ಅಂಟಿರೋ ಕಿಟ್ಟ ಎರಡು ಥರ ಇರುತ್ತೆ. ಗುಳ್ಳೆಗುಳ್ಳೆಯಾಗಿ ದಪ್ಪಗಿದ್ದು, ಸುತ್ತಿಗೆಯಿಂದ ತಟ್ಟಿದರೆ ಉದುರಿದರೆ ಟಾರ್ಚ್ ನಿಧಾನವಾಗಿ ಹೋಗಿದೆ ಅಂತ ಅರ್ಥ. ಆರ್ಕಿಗೆ ಮುಂದೆ ಲೋಹ ಸಿಗದೆ ಅಕ್ಕಪಕ್ಕ ಹುಡುಕುತ್ತೆ, ಸೀಳು ಅಗಲವಾಗುತ್ತೆ, ಕರಗಿದ ಕಬ್ಬಿಣವನ್ನ ಊದಿ ಹಾಕೋಷ್ಟು ರಭಸ ಉಳಿಯಲ್ಲ. ಅದೇ ಕಿಟ್ಟ ತೆಳ್ಳಗೆ ದಾರದ ಹಾಗೆ ಅಂಟಿಕೊಂಡು ಗ್ರೈಂಡರ್ ಇಲ್ಲದೆ ಬರಲ್ಲ ಅಂದರೆ ಸ್ಪೀಡ್ ಜಾಸ್ತಿಯಾಗಿದೆ. ಆಗ ಕಟ್ ಆದ ಮುಖದ ಗೆರೆಗಳೂ ಹಿಂದಕ್ಕೆ ಬಾಗಿರುತ್ತೆ. ಎರಡೂ ಕೆಳಗಡೆಯೇ ಇರೋದರಿಂದ ಹೊಸಬರು ಎರಡಕ್ಕೂ 'ಸ್ಪೀಡ್ ಕಡಿಮೆ ಮಾಡು' ಅಂತಾರೆ. ನಾವೂ ಹಾಗೇ ಅಂದಿದ್ವಿ. ಅದರ ಬದಲು ವೇಸ್ಟ್ ಪ್ಲೇಟಿನ ಮೇಲೆ ಸ್ಪೀಡನ್ನ ಹತ್ತು ಹತ್ತು ಪರ್ಸೆಂಟ್ ಏರಿಸುತ್ತಾ ಐದಾರು ಗೆರೆ ಎಳೆಯಿರಿ. ನಡುವೆ ಎಲ್ಲೋ ಒಂದು ಗೆರೆ ಕೆಳಗೆ ಕೈಯಾಡಿಸಿದರೂ ಏನೂ ತಾಗದ ಹಾಗೆ ಬರುತ್ತೆ. (ಆರಿದ ಮೇಲೆ ಕೈಯಾಡಿಸಿ, ದಯವಿಟ್ಟು.) ಕೈಯಲ್ಲಿ ಕಟ್ ಮಾಡುವಾಗ ಕೆಳಗೆ ಬೀಳೋ ಕಿಡಿ ನೇರದಿಂದ 15ರಿಂದ 30 ಡಿಗ್ರಿ ಹಿಂದಕ್ಕೆ ಬಾಗಿದ್ದರೆ ಸ್ಪೀಡ್ ಸರಿ ಇದೆ. ನೋಡೋದು ಕನ್ನಡಕ ಹಾಕಿಕೊಂಡೇ, 45 ಆಂಪಿಯರ್‌ಗೆ ಕನಿಷ್ಠ 6ನೇ ನಂಬರ್ ಶೇಡ್.

ಇನ್ನು ಓರೆ ಅಂಚು. ಒಂದು ಚೌಕ ಕಟ್ ಮಾಡಿ ನಾಲ್ಕೂ ಬದಿಗೆ ಟ್ರೈ ಸ್ಕ್ವೇರ್ ಇಡಿ. ನಾಲ್ಕೂ ಕಡೆ ಮೇಲಂಚು ಹೆಚ್ಚು ತಿಂದುಹೋಗಿದ್ದರೆ ಟಾರ್ಚ್ ಎತ್ತರದಲ್ಲಿದೆ, ಕೆಳಗಿನ ಭಾಗ ಹೆಚ್ಚು ಒಳಗೆ ಹೋಗಿದ್ದರೆ ತೀರಾ ಕೆಳಗಿದೆ. ಎದುರುಬದುರು ಬದಿಗಳು ಒಂದೇ ಕಡೆಗೆ ವಾಲಿದ್ದರೆ ಟಾರ್ಚೇ ವಾಲಿದೆ. ಒಂದೇ ಬದಿ ಕೆಟ್ಟಿದ್ದರೆ ನಾಜಲನ್ನ ಅನುಮಾನಿಸಿ: ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗಿಲ್ಲದಿದ್ದರೆ ಎಸೆಯಿರಿ.

ಇಲ್ಲಿ ನಮಗೆ ಇನ್ನೊಂದು ಪಾಠ ಆಯ್ತು. ಗಾಳಿ ಸುಳಿಯಾಗಿ ತಿರುಗೋದರಿಂದ ಟಾರ್ಚ್ ಸಾಗುವ ದಿಕ್ಕಿನ ಬಲಗಡೆ ಅಂಚು ನೇರವಾಗಿ, ಎಡಗಡೆ ಓರೆಯಾಗಿ ಬರುತ್ತೆ. ಇದು ದೋಷ ಅಲ್ಲ, ಮಾಮೂಲಿ ಸ್ವರ್ಲ್ ರಿಂಗ್ ಇರೋ ಟಾರ್ಚಿನ ಸ್ವಭಾವ. ಹಾಗಾಗಿ ಪೀಸಿನ ಹೊರಗೆರೆಯನ್ನ ಗಡಿಯಾರದ ದಿಕ್ಕಿನಲ್ಲಿ, ಒಳಗಿನ ತೂತುಗಳನ್ನ ವಿರುದ್ಧ ದಿಕ್ಕಿನಲ್ಲಿ ಕಟ್ ಮಾಡಬೇಕು. ಆಗ ಓರೆ ಅಂಚು ಸ್ಕ್ರ್ಯಾಪಿಗೆ ಹೋಗುತ್ತೆ. ನಮ್ಮ ಪ್ರೋಗ್ರಾಮ್ ತಿರುಗಾಮುರುಗಾ ಇತ್ತು. ಒಳ್ಳೆ ಅಂಚನ್ನೆಲ್ಲ ಸ್ಕ್ರ್ಯಾಪಿಗೆ ದಾನ ಮಾಡಿದ್ವಿ.

ಎಲೆಕ್ಟ್ರೋಡ್ ತುದಿಯ ಹಾಫ್ನಿಯಂ ಪ್ರತಿ ಸ್ಟಾರ್ಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತೆ. ಗುಳಿ ಸುಮಾರು 1.5 ಎಂಎಂ ಆಯ್ತು ಅಂದರೆ ಬದಲಿಸಿ, ನಾಜಲ್ ಜೊತೆಗೇ. ಪ್ಲೇಟಿನ ಅಂಚು ದಾಟಿದ ಮೇಲೂ ಆರ್ಕ್ ಉರಿಸಿದರೆ ಅದು ಎಳೆದುಕೊಂಡು ಫಟ್ ಅಂತ ಕಡಿಯುತ್ತೆ, ಆಗ ಕರಗಿದ ಹಾಫ್ನಿಯಂ ಹೊರಗೆ ಚಿಮ್ಮುತ್ತೆ. ಪಿಯರ್ಸ್ ಮಾಡುವಾಗ ಟಾರ್ಚ್ ಕಟಿಂಗ್ ಎತ್ತರಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಮೇಲಿರಬೇಕು, ಇಲ್ಲದಿದ್ದರೆ ಮೇಲಕ್ಕೆ ಹಾರಿದ ಕಿಟ್ಟ ನಾಜಲ್‌ಗೇ ಮೆತ್ತುತ್ತೆ. ಅರ್ಥಿಂಗ್ ಕ್ಲಾಂಪನ್ನ ತುಕ್ಕು ಹಿಡಿದ ಸ್ಲ್ಯಾಟಿಗಲ್ಲ, ಉಜ್ಜಿದ ಪ್ಲೇಟಿಗೇ ಹಾಕಿ. ಇವಿಷ್ಟೂ ಮ್ಯಾನ್ಯುವಲ್‌ನಲ್ಲೇ ಇರುತ್ತೆ. ಓದೋರು ಯಾರು ಅನ್ನೋದು ಬೇರೆ ಪ್ರಶ್ನೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಹೊಸ ಎಲೆಕ್ಟ್ರೋಡ್ ಅರ್ಧ ಗಂಟೆಯಲ್ಲಿ ಹೋಯ್ತು. ವರ್ಕ್‌ಶಾಪಿನ ಮೇಸ್ತ್ರಿ ಬಂದು ಒಂದು ಮಾತೂ ಆಡದೆ ಕಂಪ್ರೆಸರ್ ಟ್ಯಾಂಕಿನ ಅಡಿಯ ಡ್ರೇನ್ ಕಾಕ್ ತಿರುಗಿಸಿದರು. ಕಾಫಿ ಬಣ್ಣದ ನೀರು ಬುಸ್ ಅಂತ ಬಂತು. "ಮಳೆಗಾಲ ಕಣ್ರಪ್ಪಾ, ದಿನಾ ತೆಗೀಬೇಕು" ಅಂದರು.

ಲೆಕ್ಕ ಹಾಕಿ ನೋಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತೆ. ತೇವಾಂಶ 80 ಪರ್ಸೆಂಟ್ ಇದ್ದರೆ 24 ಗ್ರಾಂ. ಗೇಜಿನಲ್ಲಿ 7 ಬಾರ್ ಅಂದರೆ 8 ಘನ ಮೀಟರ್ ಗಾಳಿ ಒಂದಕ್ಕೆ ಇಳಿದಿದೆ. ಒಳಗೆ ಬಂದ ನೀರು 192 ಗ್ರಾಂ, ತಣ್ಣಗಾದ ಮೇಲೆ ಗಾಳಿ ಹಿಡಿದಿಟ್ಟುಕೊಳ್ಳೋದು ಬರೀ 30. ಉಳಿದ 160 ಗ್ರಾಂ, ಹತ್ತಿರ ಹತ್ತಿರ ಒಂದು ಲೋಟ, ನೀರಾಗಲೇಬೇಕು. ಟಾರ್ಚ್ ನಿಮಿಷಕ್ಕೆ 200 ಲೀಟರ್ ಗಾಳಿ ಕುಡಿದರೆ ನಲವತ್ತು ನಿಮಿಷಕ್ಕೊಂದು ಲೋಟ. ಟ್ಯಾಂಕ್ ಬಿಸಿಯಾಗಿದ್ದಾಗ ಇದು ಆವಿಯಾಗಿಯೇ ಸಪರೇಟರ್ ದಾಟಿ ಹೋಗುತ್ತೆ, ಯಾಕಂದರೆ ಸಪರೇಟರ್ ಹಿಡಿಯೋದು ಹನಿಯನ್ನ, ಆವಿಯನ್ನಲ್ಲ. ಮುಂದೆ ಹೋಸ್‌ನಲ್ಲಿ ತಣ್ಣಗಾಗಿ ಟಾರ್ಚಿಗೆ ನೀರಾಗಿ ಸೇರುತ್ತೆ. ಪರೀಕ್ಷೆ ಸುಲಭ: ಆರ್ಕ್ ಹಚ್ಚದೆ ಗ್ಯಾಸ್ ಟೆಸ್ಟ್‌ನಲ್ಲಿಟ್ಟು ಟಾರ್ಚ್ ಮುಂದೆ ಕನ್ನಡಿ ಹಿಡಿಯಿರಿ. ಮಂಜು ಕಟ್ಟಿದರೆ ಅದೇ ಕಳ್ಳ. ಡ್ರೈಯರ್‌ಗೆ ದುಡ್ಡಿಲ್ಲದ ನಾವು ಒತ್ತಡ ತಡೆಯೋ ತಾಮ್ರದ ಪೈಪನ್ನ ಸುರುಳಿ ಸುತ್ತಿ ಬಕೆಟ್ ನೀರಲ್ಲಿ ಮುಳುಗಿಸಿ, ಸಪರೇಟರನ್ನ ಅದರ ನಂತರ ಕೂರಿಸಿದ್ವಿ. ಎಲೆಕ್ಟ್ರೋಡ್ ಬಾಳಿಕೆ ಬಂತು.

ಅಂಚು ಕನ್ನಡಿ ಥರ ಬಂದಿತ್ತು, ಖುಷಿಯಲ್ಲಿ ಹಾಗೇ ಮಿಗ್ ವೆಲ್ಡ್ ಮಾಡಿಬಿಟ್ವಿ. ಎರಡನೇ ಟೆಸ್ಟ್ ರನ್‌ನಲ್ಲಿ ಮುಂದಿನ ಎಡ ಎ-ಆರ್ಮಿನ ಟ್ಯಾಬು ಕಿತ್ತುಕೊಂಡು ಬಂತು. ಸ್ಪೀಡ್ ಕಡಿಮೆ ಇದ್ದದ್ದಕ್ಕೆ ಡ್ರೈವರ್‌ಗೆ ಏನೂ ಆಗಲಿಲ್ಲ. ಮುರಿದ ವೆಲ್ಡ್ ಒಳಗೆ ನೋಡಿದರೆ ಸೆಟ್ ದೋಸೆ ಹಾಗೆ ತೂತುತೂತು. ಗಾಳಿಯಲ್ಲಿ 78 ಪರ್ಸೆಂಟ್ ನೈಟ್ರೋಜನ್. ಏರ್ ಪ್ಲಾಸ್ಮಾದಲ್ಲಿ ಕಟ್ ಮಾಡುವಾಗ ಕರಗಿದ ಅಂಚು ಅದನ್ನ ಹೀರಿಕೊಂಡು ಗಟ್ಟಿಯಾಗುತ್ತೆ. ಆ ಅಂಚನ್ನ ವೆಲ್ಡಿಂಗ್‌ನಲ್ಲಿ ಮತ್ತೆ ಕರಗಿಸಿದಾಗ ನೈಟ್ರೋಜನ್ ಗುಳ್ಳೆಯಾಗಿ ಏಳುತ್ತೆ, ಹೊರಗೆ ಹೋಗೋಷ್ಟರಲ್ಲಿ ಲೋಹ ಹೆಪ್ಪುಗಟ್ಟಿರುತ್ತೆ. ಕಣ್ಣಿಗೆ ಕಾಣೋ ದೋಷಗಳ ಹಿಂದೆ ವಾರಗಟ್ಟಲೆ ಬಿದ್ದಿದ್ದ ನಮಗೆ ಇದರ ಸುಳಿವೇ ಇರಲಿಲ್ಲ.

32 ಟ್ಯಾಬುಗಳನ್ನೂ ಕಿತ್ತು, ಹೊಸದಾಗಿ ಕಟ್ ಮಾಡಿ, ವೆಲ್ಡ್ ಬೀಳೋ ಅಂಚುಗಳನ್ನ ಅರ್ಧ ಎಂಎಂನಷ್ಟು ಗ್ರೈಂಡ್ ಮಾಡಿ ಮತ್ತೆ ಕೂರಿಸಿದ್ವಿ. ಅದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಕಿತ್ತು ಬಂದ ಆ ಟ್ಯಾಬು ಈಗ ಕಂಪ್ರೆಸರ್ ಪಕ್ಕದ ಗೋಡೆಗೆ ನೇತುಹಾಕಿದೆ, ಡ್ರೇನ್ ಕಾಕ್ ತೆರೆಯೋಕೆ ಬಗ್ಗಿದವರ ಕಣ್ಣಿಗೆ ಬೀಳೋ ಹಾಗೆ.