ಎಷ್ಟು ಗುಡಿಸಿದರೂ ಮರಳುವ ಈಜುಕೊಳದ ಧೂಳು

ಬೆಂಗಳೂರು: ಸಂಜೆ ಕೊಳದ ತಳವನ್ನೆಲ್ಲ ವ್ಯಾಕ್ಯೂಮ್ ಮಾಡಿ, ನೀರು ಕನ್ನಡಿಯಂತಾಯಿತೆಂದು ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಮತ್ತದೇ ನುಣುಪಾದ ಧೂಳಿನ ಪದರ. ಕಾಲಿಟ್ಟರೆ ಹೊಗೆಯಂತೆ ಏಳುತ್ತದೆ, ಬ್ರಷ್ ಹಾಕಿದರೆ ಮಾಯವಾಗುತ್ತದೆ, ಮರುದಿನ ಅದೇ ಜಾಗದಲ್ಲಿ ಮತ್ತೆ ಹಾಜರಾಗುತ್ತದೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ದೇವನಹಳ್ಳಿಯ ಸುತ್ತಮುತ್ತಲ ವಿಲ್ಲಾಗಳಲ್ಲಿ ಸ್ವಂತ ಈಜುಕೊಳ ಉಳ್ಳವರಿಗೆ ಇದು ಹೊಸ ಅನುಭವವೇನಲ್ಲ. ವಾರಗಟ್ಟಲೆ ಸೆಣಸಿ ಬೇಸತ್ತವರು ಕೊನೆಗೆ ಹಿಡಿಯುವ ದಾರಿ, ಕೊಳವನ್ನು ಪೂರ್ತಿ ಬರಿದು ಮಾಡಿ ಹೊಸ ನೀರು ತುಂಬಿಸುವುದು.

ಆ ದಾರಿ ಅಗ್ಗದ್ದಲ್ಲ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಸಾಧಾರಣ ಕೊಳವೊಂದರಲ್ಲಿ ಸುಮಾರು 45 ಸಾವಿರ ಲೀಟರ್ ನೀರಿರುತ್ತದೆ. ಎಂದರೆ 12 ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಬಾರಿ ಬರಬೇಕು. 2024ರ ಮಾರ್ಚಿನಲ್ಲಿ ನಗರವು ನೀರಿಲ್ಲದೆ ಬಾಯಿ ಬಿಡುತ್ತಿದ್ದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ನೆರೆಮನೆಯವರು ಕೊಡ ಹಿಡಿದು ನಿಂತ ಹೊತ್ತಿನಲ್ಲಿ ಇಷ್ಟು ನೀರನ್ನು ಮೋರಿಗೆ ಬಿಡುವುದು ಯಾರಿಗೂ ಶೋಭೆಯಲ್ಲ. ಅದಕ್ಕಿಂತ ಮುಖ್ಯವಾಗಿ, ಹೀಗೆ ಬರಿದು ಮಾಡುವುದರಿಂದ ಧೂಳಿನ ಕಾಟ ಬಹುತೇಕ ತಪ್ಪುವುದೂ ಇಲ್ಲ. ಕಾರಣವು ನೀರಿನಲ್ಲಿರದೆ ಫಿಲ್ಟರಿನಲ್ಲಿಯೋ, ಬ್ಲೀಚಿಂಗ್ ಪುಡಿಯ ಡಬ್ಬಿಯಲ್ಲಿಯೋ, ಕಾಂಪೌಂಡಿನ ಆಚೆಯ ಮಣ್ಣಿನಲ್ಲಿಯೋ ಇದ್ದರೆ, ಹೊಸ ನೀರಿಗೂ ಹದಿನೈದು ದಿನಗಳಲ್ಲಿ ಹಳೆಯ ಗತಿಯೇ.

ಧೂಳು ಬೆಳಗಿನಲ್ಲೇ ಏಕೆ ಕಾಣುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು. ಹಗಲು ಪಂಪ್ ಓಡುತ್ತಿರುವಾಗ ನೀರು ಸದಾ ಕಲಕುತ್ತಿರುತ್ತದೆ, ಸೂಕ್ಷ್ಮ ಕಣಗಳು ತೇಲುತ್ತಲೇ ಇರುತ್ತವೆ. ರಾತ್ರಿ ಪಂಪ್ ನಿಂತ ಮೇಲೆ ಅವು ನಿಧಾನವಾಗಿ ಕೆಳಗಿಳಿಯುತ್ತವೆ. ಹತ್ತು ಮೈಕ್ರಾನ್ ಗಾತ್ರದ ಮಣ್ಣಿನ ಕಣವೊಂದು 1.4 ಮೀಟರ್ ಆಳಕ್ಕೆ ಇಳಿಯಲು ಸುಮಾರು ನಾಲ್ಕು ಗಂಟೆ ಬೇಕು. ಕಣದ ಗಾತ್ರ ಐದನೆಯ ಒಂದು ಪಾಲಾದರೆ ವೇಗವು ಇಪ್ಪತ್ತೈದನೆಯ ಒಂದು ಪಾಲಿಗೆ ಕುಸಿಯುತ್ತದೆ. ಹೀಗಾಗಿ ಎರಡು ಮೈಕ್ರಾನಿನ ಜೇಡಿಮಣ್ಣು ತಳ ಸೇರಲು ನಾಲ್ಕು ದಿನಗಳೇ ಹಿಡಿಯಬಹುದು. ಬೆಳಿಗ್ಗೆ ಕಂಡ ಧೂಳು ರಾತ್ರಿ ಹೊಸದಾಗಿ ಬಿದ್ದದ್ದಲ್ಲ, ಹಿಂದಿನ ಸಂಜೆಯೂ ಅದು ನೀರಿನಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಹಾಗಾದರೆ ದಿನವಿಡೀ ಓಡಿದ ಫಿಲ್ಟರ್ ಏನು ಮಾಡುತ್ತಿತ್ತು? ಮನೆಯ ಕೊಳಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಮರಳಿನ ಫಿಲ್ಟರ್ 20ರಿಂದ 40 ಮೈಕ್ರಾನಿನವರೆಗಿನ ಕಣಗಳನ್ನು ಮಾತ್ರ ಚೆನ್ನಾಗಿ ಹಿಡಿಯಬಲ್ಲದು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇದರ ಅಂದಾಜು ಸಿಗುತ್ತದೆ. ಕಾರ್ಟ್ರಿಜ್ ಫಿಲ್ಟರ್ ಹತ್ತರಿಂದ ಇಪ್ಪತ್ತು ಮೈಕ್ರಾನಿನವರೆಗೆ ಇಳಿಯುತ್ತದೆ. ಅದಕ್ಕಿಂತ ಸಣ್ಣ ಕಣವು ಒಂದು ಕಡೆಯಿಂದ ಒಳಹೊಕ್ಕು ಇನ್ನೊಂದು ಕಡೆಯಿಂದ ಸುಖವಾಗಿ ಕೊಳಕ್ಕೆ ಮರಳುತ್ತದೆ. ವ್ಯಾಕ್ಯೂಮಿನಲ್ಲಿ ಎಳೆದ ಧೂಳೆಲ್ಲ ಫಿಲ್ಟರಿನಲ್ಲಿ ಉಳಿಯಿತೆಂಬ ನಂಬಿಕೆ ಸುಳ್ಳಾಗುವುದು ಇಲ್ಲಿಯೇ.

ಇದನ್ನು ಪತ್ತೆ ಹಚ್ಚಲು ದುಬಾರಿ ಉಪಕರಣವೇನೂ ಬೇಡ. ಫಿಲ್ಟರಿನಿಂದ ನೀರು ಕೊಳಕ್ಕೆ ಹಿಂದಿರುಗುವ ಬಾಯಿಗೆ ಹಳೆಯ ಬಿಳಿ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಸಡಿಲವಾಗಿ ಕಟ್ಟಿ, ತಳದ ಧೂಳನ್ನು ಬ್ರಷ್‌ನಿಂದ ಎಬ್ಬಿಸಿ, ಒಂದು ಗಂಟೆ ಪಂಪ್ ಓಡಿಸಬೇಕು. ಬಟ್ಟೆಯ ಮೇಲೆ ಧೂಳು ಕೂತಿದ್ದರೆ ಫಿಲ್ಟರ್ ಅದನ್ನು ಬಿಡುತ್ತಿದೆ ಎಂದೇ ಅರ್ಥ. ಬಟ್ಟೆ ಶುಭ್ರವಾಗಿದ್ದು ತಳದಲ್ಲಿ ಮಾತ್ರ ಧೂಳು ಸೇರುತ್ತಿದ್ದರೆ ಅದು ಹೊರಗಿನಿಂದ ಬರುತ್ತಿದೆ, ಇಲ್ಲವೇ ಕೊಳದೊಳಗೇ ಹುಟ್ಟುತ್ತಿದೆ. ಅತಿ ಸೂಕ್ಷ್ಮವಾದ ಜೇಡಿಮಣ್ಣು ಬಟ್ಟೆಯನ್ನೂ ದಾಟಬಲ್ಲದು, ಇದೊಂದನ್ನು ನೆನಪಿನಲ್ಲಿಡಬೇಕು.

ಫಿಲ್ಟರಿನ ಒಳಗುಟ್ಟು

ತಪ್ಪು ಫಿಲ್ಟರಿನದೆಂದು ತೀರ್ಮಾನವಾದರೂ ಅದನ್ನು ಕಿತ್ತೊಗೆಯುವ ಅವಸರ ಬೇಡ. ಮೊದಲು ನೋಡಬೇಕಾದದ್ದು ಮಲ್ಟಿಪೋರ್ಟ್ ವಾಲ್ವಿನ ಹಿಡಿಕೆ ಎಲ್ಲಿ ನಿಂತಿದೆ ಎಂಬುದನ್ನು. ಅದು ‘ರೀಸರ್ಕ್ಯುಲೇಟ್’ ಗುರುತಿನಲ್ಲಿದ್ದರೆ ನೀರು ಮರಳನ್ನು ಮುಟ್ಟದೆಯೇ ಸುತ್ತುತ್ತಿರುತ್ತದೆ. ಹಾಸ್ಯಾಸ್ಪದವೆನಿಸಿದರೂ ಇಂಥ ಮರೆವು ನಡೆಯುತ್ತದೆ. ಹಿಡಿಕೆ ಸರಿಯಾಗಿದ್ದೂ ವಾಲ್ವಿನೊಳಗಿನ ರಬ್ಬರ್ ಗ್ಯಾಸ್ಕೆಟ್ ಹರಿದಿದ್ದರೆ ಕೊಳೆನೀರಿನ ಒಂದು ಪಾಲು ಅಡ್ಡದಾರಿ ಹಿಡಿದು ನೇರ ಕೊಳಕ್ಕೆ ಸೇರುತ್ತದೆ. ಕೆಲವೇ ಸ್ಕ್ರೂಗಳನ್ನು ಬಿಚ್ಚಿ ಬದಲಾಯಿಸಬಹುದಾದ ಈ ಗ್ಯಾಸ್ಕೆಟ್‌ಗಾಗಿ ತಿಂಗಳುಗಟ್ಟಲೆ ರಾಸಾಯನಿಕ ಸುರಿಯುವುದು ವ್ಯರ್ಥ.

ತಳದ ಧೂಳು ಬೆರಳಿನ ನಡುವೆ ಉಜ್ಜಿದಾಗ ಗರಗರ ಎನ್ನುತ್ತಿದ್ದರೆ, ಅದೂ ನೀರು ಮರಳುವ ಬಾಯಿಯ ಎದುರಿಗೇ ರಾಶಿ ಬಿದ್ದಿದ್ದರೆ, ಅದು ಫಿಲ್ಟರಿನದೇ ಮರಳು. ತೊಟ್ಟಿಯ ತಳದಲ್ಲಿ ಸೀಳುಗಳಿರುವ ಕೊಳವೆಗಳಿರುತ್ತವೆ, ಲ್ಯಾಟರಲ್ ಎಂದು ಇವುಗಳ ಹೆಸರು. ಇವುಗಳಲ್ಲಿ ಒಂದು ಒಡೆದರೂ ಮರಳು ಕೊಳಕ್ಕೆ ಹರಿಯತೊಡಗುತ್ತದೆ. ಆಗ ಮರಳನ್ನೆಲ್ಲ ತೆಗೆದು ರಿಪೇರಿ ಮಾಡುವುದರ ಹೊರತು ಬೇರೆ ಉಪಾಯವಿಲ್ಲ.

ಬ್ಯಾಕ್‌ವಾಶ್ ವಿಷಯದಲ್ಲಂತೂ ಅತಿಯಾದ ಶ್ರದ್ಧೆಯೇ ಅಪಾಯಕಾರಿ. ಮರಳಿನ ಮೇಲೆ ತುಸು ಕೊಳೆ ಕೂತಾಗಲೇ ಅದರ ಸಂದುಗಳು ಕಿರಿದಾಗಿ ಸೂಕ್ಷ್ಮ ಕಣಗಳು ಸಿಕ್ಕಿಬೀಳುವುದು. ದಿನಾಲೂ ಬ್ಯಾಕ್‌ವಾಶ್ ಮಾಡಿದರೆ ಈ ಉಪಕಾರಿ ಪದರ ನಿಲ್ಲುವುದೇ ಇಲ್ಲ. ಶುಭ್ರ ಫಿಲ್ಟರಿನ ಒತ್ತಡಕ್ಕಿಂತ ಮಾಪಕದ ಮುಳ್ಳು ಎಂಟರಿಂದ ಹತ್ತು ಪಿಎಸ್ಐ ಮೇಲೇರಿದಾಗ ಮಾಡಿದರೆ ಸಾಕು. ಆ ನಂತರ ಅರ್ಧ ನಿಮಿಷವಾದರೂ ‘ರಿನ್ಸ್’ ಮಾಡದೆ ನೇರವಾಗಿ ಫಿಲ್ಟರ್ ಸ್ಥಾನಕ್ಕೆ ತಂದರೆ ಒಳಗೆ ಉಳಿದ ಕೊಳೆಯ ಮೊದಲ ಅಲೆ ಕೊಳಕ್ಕೇ ನುಗ್ಗುತ್ತದೆ.

ಪಂಪನ್ನು ಎಷ್ಟು ಹೊತ್ತು ಓಡಿಸಬೇಕೆಂಬುದರಲ್ಲೂ ತಪ್ಪು ಲೆಕ್ಕಾಚಾರವಿದೆ. ಗಂಟೆಗೆ ಒಂಬತ್ತು ಸಾವಿರ ಲೀಟರ್ ಎತ್ತುವ ಪಂಪ್ ಐದು ಗಂಟೆ ಓಡಿದರೆ 45 ಸಾವಿರ ಲೀಟರೂ ಶುದ್ಧವಾಯಿತೆಂದು ಭಾವಿಸುವುದುಂಟು. ಆದರೆ ಶುದ್ಧ ನೀರು ಕೊಳದ ನೀರಿನೊಡನೆ ಬೆರೆಯುತ್ತಲೇ ಇರುವುದರಿಂದ ಒಂದು ಸುತ್ತಿನಲ್ಲಿ ನಿಜಕ್ಕೂ ಫಿಲ್ಟರ್ ಮುಟ್ಟುವುದು ಶೇಕಡ 63ರಷ್ಟು ಮಾತ್ರ. ಶೇಕಡ 98 ತಲುಪಲು ನಾಲ್ಕು ಸುತ್ತುಗಳು ಬೇಕು. ವಿದ್ಯುತ್ ಉಳಿಸಲೆಂದು ದಿನಕ್ಕೆ ಎರಡು ಗಂಟೆ ಓಡಿಸುವ ಮನೆಗಳಲ್ಲಿ ಧೂಳು ತಪ್ಪದಿರುವುದು ಆಶ್ಚರ್ಯವಲ್ಲ.

ಬಟ್ಟೆ ಶುಭ್ರವಾಗಿದ್ದರೆ

ಆಗ ಧೂಳಿನ ಬಣ್ಣ ಮತ್ತು ಗುಣವನ್ನು ನೋಡಬೇಕು. ಬಿಳಿಯ ಪುಡಿಯಾದರೆ ಮೊದಲ ಸಂಶಯ ಬ್ಲೀಚಿಂಗ್ ಪುಡಿಯ ಮೇಲೆ. ಇದರಲ್ಲಿ ಕ್ಲೋರಿನ್ ಅಂಶ ಮೂರನೆಯ ಒಂದು ಪಾಲಿನಷ್ಟಿದ್ದರೆ, ಉಳಿದುದರಲ್ಲಿ ಕರಗದ ಸುಣ್ಣ ಸಾಕಷ್ಟಿರುತ್ತದೆ. ಪುಡಿಯನ್ನು ನೇರವಾಗಿ ಕೊಳಕ್ಕೆ ಎರಚಿದರೆ ಈ ಸುಣ್ಣವೆಲ್ಲ ತಳ ಸೇರುತ್ತದೆ. ಬಕೆಟ್ ನೀರಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿದರೆ ತೊಂದರೆ ಅಲ್ಲಿಗೇ ತೀರುತ್ತದೆ. ಗಡಸು ನೀರಿನ ಕೊಳವೆಬಾವಿಯಾದರೆ ಸುಣ್ಣದಂಶ ತಾನಾಗಿಯೇ ಪುಡಿಗಟ್ಟುವುದೂ ಉಂಟು. ಒಣಗಿಸಿದ ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ನೊರೆಯೆದ್ದರೆ ಅದು ಸುಣ್ಣದ ವರ್ಗದ್ದೇ. ಕೊಳವೆಬಾವಿಯಿಂದ ತಿಳಿಯಾಗಿ ಬಂದ ನೀರು ಕ್ಲೋರಿನ್ ಬಿದ್ದೊಡನೆ ಕಂದು ಬಣ್ಣಕ್ಕೆ ತಿರುಗಿದರೆ ಅದು ಕಬ್ಬಿಣ.

ಹಸಿರು ಮಿಶ್ರಿತ ಬೂದು ಅಥವಾ ಸಾಸಿವೆ ಹಳದಿ ಬಣ್ಣದ್ದಾಗಿ, ನೆರಳು ಬೀಳುವ ಗೋಡೆಯ ಬದಿಯಲ್ಲೇ ಹೆಚ್ಚು ಸೇರುತ್ತಿದ್ದರೆ ಅದು ಪಾಚಿ. ಇದನ್ನು ಬರಿಯ ಧೂಳೆಂದು ಅಲಕ್ಷಿಸುವಂತಿಲ್ಲ, ಏಕೆಂದರೆ ಪಾಚಿ ಬದುಕಿರುವ ನೀರಿನಲ್ಲಿ ರೋಗಾಣುಗಳೂ ಬದುಕಬಲ್ಲವು. ಕತ್ತಲಾದ ಮೇಲೊಮ್ಮೆ, ಸೂರ್ಯೋದಯಕ್ಕೆ ಮುಂಚೆ ಮತ್ತೊಮ್ಮೆ ಕ್ಲೋರಿನ್ ಅಳೆಯಬೇಕು. ಬಿಸಿಲಿಲ್ಲದ ರಾತ್ರಿಯಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಹೆಚ್ಚು ಕಡಿಮೆಯಾಗಿದ್ದರೆ ಅದನ್ನು ಪಾಚಿಯಂಥ ಜೈವಿಕ ಕಶ್ಮಲವೇ ತಿಂದಿದೆ ಎನ್ನಬಹುದು. ಇಲ್ಲಿ ಮದ್ದು ಕ್ಲೋರಿನ್ ಮತ್ತು ಬ್ರಷ್, ಫಿಲ್ಟರ್ ಅಲ್ಲ. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆಯಾಗಲಿ ಕ್ಲೋರಿನ್ ಮಾತ್ರೆಗಳೊಡನೆಯಾಗಲಿ ಒಂದೇ ಪಾತ್ರೆಯಲ್ಲಿ ಎಂದಿಗೂ ಬೆರೆಸಬಾರದು. ವಿಷಾನಿಲ ಏಳಬಹುದು, ಬೆಂಕಿಯೂ ಹೊತ್ತಬಹುದು.

ಕೊನೆಯದು ಬೆಂಗಳೂರಿಗೆ ತೀರ ಪರಿಚಿತವಾದ ಕೆಮ್ಮಣ್ಣು ಮತ್ತು ಪಕ್ಕದ ನಿವೇಶನದ ಕಟ್ಟಡದ ಧೂಳು. ಮೊದಲ ಮಳೆಗೆ ತೋಟದ ಮಣ್ಣು ಕೊಚ್ಚಿ ಬಂದರೆ ಮರಳಿನ ಫಿಲ್ಟರ್ ಕೈಚೆಲ್ಲುತ್ತದೆ. ಇಲ್ಲಿ ನೆರವಿಗೆ ಬರುವುದು ಅಜ್ಜಿಯರು ಹಂಡೆಯ ನೀರಿಗೆ ಆಡಿಸುತ್ತಿದ್ದ ಪಟಿಕವೇ. ಪಟಿಕವು ಸೂಕ್ಷ್ಮ ಕಣಗಳನ್ನು ಒಂದಕ್ಕೊಂದು ಅಂಟಿಸಿ ಭಾರವಾಗಿಸುತ್ತದೆ. ಲೀಟರಿಗೆ 20 ಮಿಲಿಗ್ರಾಂ ಎಂದು ಹಿಡಿದರೂ 45 ಸಾವಿರ ಲೀಟರಿಗೆ 900 ಗ್ರಾಂ ಸಾಕು. ಸಂಜೆ ಬಕೆಟ್‌ನಲ್ಲಿ ಕರಗಿಸಿ ಕೊಳದ ತುಂಬ ಹರಡಿ, ಸ್ವಲ್ಪ ಹೊತ್ತು ‘ರೀಸರ್ಕ್ಯುಲೇಟ್’ನಲ್ಲಿ ಕಲಕಿ, ರಾತ್ರಿಯಿಡೀ ಪಂಪ್ ನಿಲ್ಲಿಸಬೇಕು. ಯಾರೂ ನೀರಿಗಿಳಿಯಬಾರದು. ತಳ ಕಾಣದಷ್ಟು ಕದಡಿದ ಕೊಳಕ್ಕೆ ಯಾವ ಕಾರಣಕ್ಕೂ ಮಕ್ಕಳನ್ನು ಇಳಿಸಬಾರದು, ಮುಳುಗಿದವರು ಅಲ್ಲಿ ದಡದಲ್ಲಿ ನಿಂತವರಿಗೂ ಕಾಣುವುದಿಲ್ಲ. ಪಟಿಕವು ನೀರಿನ ಪಿಎಚ್ ಅನ್ನು ಇಳಿಸುವುದರಿಂದ ಮರುದಿನ ಅದನ್ನು ಅಳೆದು 7.2ರಿಂದ 7.8ರ ನಡುವೆ ಸರಿಪಡಿಸಬೇಕು.

ಬೆಳಿಗ್ಗೆ ತಳದಲ್ಲಿ ಕಂಬಳಿಯಂತೆ ಕೂತ ಕೊಳೆಯನ್ನು ಮತ್ತೆ ಫಿಲ್ಟರಿಗೆ ಕಳಿಸಿದರೆ ಮರಳು ಗಟ್ಟಿಯಾಗಿ ಹೊಸ ರಗಳೆ ಶುರುವಾಗುತ್ತದೆ. ವಾಲ್ವನ್ನು ‘ವೇಸ್ಟ್’ ಸ್ಥಾನಕ್ಕೆ ತಿರುಗಿಸಿ, ಬ್ರಷನ್ನು ಆತುರಪಡದೆ ಮೆಲ್ಲಗೆ ಎಳೆಯುತ್ತ ನೇರವಾಗಿ ಹೊರಹಾಕಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಮೇಲಿನ ಲೆಕ್ಕದ ಪಂಪಿನಲ್ಲಿ ನಾಲ್ಕೂವರೆ ಸಾವಿರ ಲೀಟರ್ ನೀರು ಹೋಗುತ್ತದೆ, ಕೊಳದ ಹತ್ತನೆಯ ಒಂದು ಪಾಲು. ಅದನ್ನೂ ತೊಟ್ಟಿಯಲ್ಲಿ ಹಿಡಿದು ಒಂದೆರಡು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದ ಬಳಿಕ ಅಂಗಳ ತೊಳೆಯಲು ಬಳಸಬಹುದು.