ಬೆಲ್ಲ-ನೀರು ಬೇಡವೆಂದರೆ ಬೇಸರ ಬೇಡ



ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಮೂಡಬಿದಿರೆಯಿರಲಿ, ಮನೆಗೆ ಬಂದವರಿಗೆ ಆಸರಿಗೆ ಬೆಲ್ಲ-ನೀರು ಕೊಡುವುದು ಹಿರಿಯರಿಂದ ಬಂದ ಕ್ರಮ. ಬೇಡವೆಂದವರನ್ನು ಕಂಡರೆ ನಮಗೆ ಒಳಗೊಳಗೇ ಬೇಸರ. ಆ ಬೇಸರದ ಮುಖವನ್ನು ನಮ್ಮ ಮನೆಯವರು ಹೋದಲ್ಲೆಲ್ಲ ಕಂಡಿದ್ದಾರೆ. ಅದಕ್ಕಾಗಿಯೇ ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇವೆ.

ಅವರಿಗೆ ಮೊದಲು ಪತ್ತೆಯಾದದ್ದು ಥೈರಾಯ್ಡ್ ಹಾರ್ಮೋನಿನ ಕೊರತೆ. ಸುಸ್ತು, ಮಲಬದ್ಧತೆ, ಸದಾ ಚಳಿ. ಗುಳಿಗೆ ತೊಡಗಿದ ಮೇಲೆ ಇವು ಇಳಿದವು. ಆದರೆ ಹೊಟ್ಟೆಯುಬ್ಬರ, ನೋವು, ಆಗಾಗ ಭೇದಿ ನಿಲ್ಲಲಿಲ್ಲ. 'ಎಲ್ಲವೂ ಥೈರಾಯ್ಡಿನದೇ' ಎಂದು ನಾವೇ ತೀರ್ಪು ಕೊಟ್ಟು ಕುಳಿತೆವು. ತಪ್ಪು ನಮ್ಮದು. ಮಾವು-ಹಲಸಿನ ಕಾಲದಲ್ಲಿ ಉಪದ್ರ ಹೆಚ್ಚುವುದನ್ನು ಅವರೇ ಗಮನಿಸಿ ವೈದ್ಯರಿಗೆ ಹೇಳಿದರು. ಉಸಿರಿನ ಪರೀಕ್ಷೆಯಲ್ಲಿ ಕಾರಣ ತಿಳಿಯಿತು.

ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಅವರ ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗಿಳಿದು, ಹುಳಿತು, ವಾಯುವಾಗುತ್ತದೆ. ಅದರಲ್ಲಿನ ಹೈಡ್ರೋಜನ್ನು ಉಸಿರಿನಲ್ಲಿ ಹೊರಬರುವುದನ್ನೇ ಪರೀಕ್ಷೆಯಲ್ಲಿ ಅಳೆಯುತ್ತಾರೆ.

ಜೇನು, ಮಾವು, ಸೇಬು, ಕಲ್ಲಂಗಡಿಗಳಲ್ಲಿ ಗ್ಲೂಕೋಸಿಗಿಂತ ಫ್ರಕ್ಟೋಸ್ ಹೆಚ್ಚು, ಉಪದ್ರವೂ ಹೆಚ್ಚು. ಬೆಲ್ಲ-ಸಕ್ಕರೆಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಗ್ಲೂಕೋಸ್ ಜೊತೆಗಿದ್ದರೆ ಫ್ರಕ್ಟೋಸಿನ ಹೀರಿಕೆ ಸುಲಭ. ಹಾಗಾಗಿ ಒಂದು ಚೂರು ಬೆಲ್ಲ ಅವರಿಗೆ ತಡೆಯುತ್ತದೆ, ಲೋಟ ತುಂಬ ಪಾನಕ ತಡೆಯದು. 'ಸಕ್ಕರೆರಹಿತ' ಮಿಠಾಯಿಗಳಲ್ಲಿರುವ ಸಾರ್ಬಿಟಾಲ್ ಕೂಡ ಆಗದು.

ಇನ್ನು ಗುಳಿಗೆಯ ಮಾತು. ಕಾಫಿ ಬೆಳೆಯುವ ನಾವೇ ಇದನ್ನು ಹೇಳಬೇಕಾಗಿದೆ: ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಗೆ ಬರೇ ನೀರಿನಲ್ಲಿ ನುಂಗಿ, 30ರಿಂದ 60 ನಿಮಿಷ ಕಳೆದ ಮೇಲೆಯೇ ಕಾಫಿ. ಜೊತೆಗೇ ಕುಡಿದರೆ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ 4 ಗಂಟೆಯ ಅಂತರವಿರಲಿ. ಪಥ್ಯದಿಂದ ಹೊಟ್ಟೆ ಸರಿಯಾಯಿತೆಂದು ಥೈರಾಯ್ಡ್ ಗುಳಿಗೆ ಬಿಡುವಂತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆಗಳು.

ಎಳೆಯ ಮಕ್ಕಳಲ್ಲಿ ಇನ್ನೊಂದು ಬಗೆಯುಂಟು. ಅಪರೂಪದ್ದು, ಹುಟ್ಟಿನಿಂದಲೇ ಬರುವಂಥದ್ದು. 1956ರಲ್ಲಿ ಇಂಗ್ಲೆಂಡಿನ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ಇದರಲ್ಲಿ ಹಣ್ಣು, ಬೆಲ್ಲ, ಸಕ್ಕರೆ ಯಾವುದೂ ಸಲ್ಲದು, ಯಕೃತ್ತಿಗೇ ಅಪಾಯ. ಮೊಲೆಹಾಲು ಕುಡಿದು ಚೆನ್ನಾಗಿದ್ದ ಮಗು ಸಿಹಿ ತಿನ್ನಿಸತೊಡಗಿದ ಮೇಲೆ ವಾಂತಿ ಮಾಡಿ ಸೊರಗಿದರೆ, ಒತ್ತಾಯ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸಿರಿ. ಒಂದು ವರ್ಷದೊಳಗಿನ ಯಾವ ಮಗುವಿಗೂ ಜೇನು ಬೇಡ.

ಈ ಸಲದ ಮಹಾಸಭೆಯಲ್ಲಿ ಪಾನಕದ ಪಕ್ಕದಲ್ಲಿ ನೀರುಮಜ್ಜಿಗೆಯನ್ನೂ ಇಡುತ್ತೇವೆ. ಯಾವುದನ್ನು ತೆಗೆದುಕೊಂಡರೂ 'ಯಾಕೆ' ಎಂದು ಕೇಳುವುದು ಬೇಡ. ಬೆಲ್ಲ ಮುಟ್ಟದೆ ಬರೇ ನೀರು ಕುಡಿದ ನೆಂಟರೂ ನಮ್ಮ ಆದರವನ್ನು ಸ್ವೀಕರಿಸಿದಂತೆಯೇ.

— ಕಾರ್ಯದರ್ಶಿ